ಗೆಳೆಯನಿಗೊಂದು ಪತ್ರ: ಗಾಜಿನ ಬಟ್ಟಲಿನ ಉಪ್ಸಾರು

ಮೈಸೂರು, ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ಎರಡು ಸಲ ಕೈ ತೊಳೆದೆ, ಬೆರಳಿನಿಂದ ಬೆಳ್ಳುಳ್ಳಿ ಖಾರದ ವಾಸನೆ ಇನ್ನೂ ಹೋಗಿಲ್ಲ. ಹೋಗುವುದರೊಳಗೆ ನಿನಗೆ ಬರೆದುಬಿಡೋಣ ಅಂತ ಕೂತಿದ್ದೀನಿ.

ಮಗಳಿಗೆ ಮೊದಲ ಸಂಬಳ ಬಂತು ಕಣೋ. 'ಅಪ್ಪ, ಇವತ್ತು ನಾನು ಊಟ ಕೊಡಿಸ್ತೀನಿ' ಅಂತ ನಮ್ಮಿಬ್ಬರನ್ನೂ ಹೊರಡಿಸಿದಳು. ಜಗನ್ಮೋಹನ ಅರಮನೆ ಆಸುಪಾಸಿನ ಬೀದಿಗಳಲ್ಲಿ ಹಾಸ್ಟೆಲ್ ದಿನಗಳಲ್ಲಿ ನಾವು ಪಂಕ್ಚರ್ ಸೈಕಲ್ ತಳ್ಳಿಕೊಂಡು ಓಡಾಡ್ತಿದ್ದೆವಲ್ಲ, ಅಲ್ಲೊಂದು ತೊಟ್ಟಿ ಮನೆಯನ್ನು ಈಗ ದೊಡ್ಡ ರೆಸ್ಟೋರೆಂಟ್ ಮಾಡಿದ್ದಾರೆ. ಗಾರೆ ಗೋಡೆ, ಕೆಂಪು ನೆಲ, ಮದ್ರಾಸ್ ತಾರಸಿಯ ಮರದ ತೊಲೆ ಎಲ್ಲ ಹಾಗೇ ಇದೆ. 2012ರಲ್ಲಿ ಇಲ್ಲಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದಿದ್ದು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿದ್ದು ನೆನೆಸಿಕೊಂಡರೆ ಇವತ್ತಿಗೂ ಸಂಕಟವಾಗುತ್ತೆ. ಒಂದು ಹಳೇ ಮನೆಯಾದರೂ ಒಲೆ ಹೊತ್ತಿಸಿಕೊಂಡು ನಿಂತಿದೆಯಲ್ಲ ಅಂತ ಒಳಗೆ ಕಾಲಿಟ್ಟಾಗಲೇ ಮನಸ್ಸು ತುಂಬಿತು.

ಅಲ್ಲಿಯದು ಫ್ಯೂಷನ್ ಅಡುಗೆ, ಅಂದರೆ ನಮ್ಮದಕ್ಕೂ ಹೊರದೇಶದ್ದಕ್ಕೂ ಬೆರಕೆ. ಹಿತಕಿದ ಅವರೆಬೇಳೆ ತುಂಬಿದ ರಾವಿಯೋಲಿ, ಇಟಲಿಯವರ ಕಡುಬು ಅನ್ನು, ಬಂತು, ಬಲು ಚೆನ್ನಾಗಿತ್ತು. ಕೊನೆಗೆ ನಂಜನಗೂಡು ರಸಬಾಳೆಗೆ ಸಕ್ಕರೆ ಕರಗಿಸಿ ಹೊಯ್ದು ಕೊಟ್ಟರು, ಅದೂ ಸರಿಯೇ. ನಿನಗೆ ಹೇಳಬೇಕಾಗಿದ್ದು ನಡುವೆ ಬಂದ ಒಂದು ಗಾಜಿನ ಬಟ್ಟಲಿನ ವಿಷಯ.

ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಬಟ್ಟಲು. ಒಳಗೆ ತಿಳಿಯಾದ, ತುಸು ಹಸಿರು ಬಣ್ಣದ ಕಟ್ಟು. ಪಕ್ಕದ ಕಲ್ಲಿನ ಬಿಲ್ಲೆ ಮೇಲೆ ಹುಣಸೆಬೀಜದಷ್ಟು ಕೆಂಪು ಖಾರ, ಬೆಣ್ಣೆಯಲ್ಲಿ ಹೊರಳಿಸಿದ ನಾಲ್ಕು ರಾಗಿ ಉಂಡೆ. ಮೆನು ಕಾರ್ಡಿನಲ್ಲಿ 'ಲೆಂಟಿಲ್ ಬ್ರಾತ್ ವಿತ್ ಚಿಲ್ಲಿ ಪೇಸ್ಟ್', ಅಂದರೆ ಮೆಣಸಿನಕಾಯಿ ಖಾರದ ಜೊತೆ ಬೇಳೆಕಟ್ಟು, ಅಂತಿತ್ತು. ಖಾರ ಕದಡಿ ಒಂದು ಗುಟುಕು ಕುಡಿದೆ. ತಡಗುಣಿ ಕಾಳು, ದಂಟಿನ ಸೊಪ್ಪು, ಸುಟ್ಟ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು. ಉಪ್ಸಾರು ಕಣೋ! ಅವ್ವ ಒರಳಿನಲ್ಲಿ ಖಾರ ಅರೆದು, ಗುಂಡುಕಲ್ಲಿಗೆ ಅಂಟಿದ್ದನ್ನು ಬೆರಳಲ್ಲಿ ಬಳಿದು, ಒರಳು ತೊಳೆದ ನೀರನ್ನೂ ಚೆಲ್ಲದೆ ಸಾರಿಗೇ ಹೊಯ್ಯುತ್ತಿದ್ದಳಲ್ಲ, ಅದೇ. ಒಗ್ಗರಣೆಯ ಹಂಗಿಲ್ಲ, ಕಾಯಿಯ ಹಂಗಿಲ್ಲ. ಬೇಯಿಸಿದ ನೀರು ಸಾರಿಗೆ, ಬಸಿದ ಕಾಳುಸೊಪ್ಪು ಪಲ್ಯಕ್ಕೆ. ಗದ್ದೆಯಿಂದ ಸಂಜೆ ಹೊತ್ತಾಗಿ ಬಂದವರ ಅಡುಗೆ ಅದು.

ನನ್ನ ಕಣ್ಣು ತೇವವಾಗಿದ್ದನ್ನು ನೋಡಿ ಮಗಳು 'ಖಾರ ಜಾಸ್ತಿಯಾಯ್ತಾ ಅಪ್ಪ?' ಅಂದಳು.

ರಾಗಿ ಉಂಡೆ ಮಾತ್ರ ನನಗೆ ಹಿಡಿಸಲಿಲ್ಲ. ಮುದ್ದೆ ಬಿಸಿಬಿಸಿಯಾಗಿ ಗಂಟಲಲ್ಲಿ ಜಾರಬೇಕು, ಹುರಿದರೆ ಅಗಿಯಬೇಕಾಗುತ್ತೆ. ಹಾಗಂತ ಬೆರಕೆ ಮಾಡಬಾರದು ಅಂತ ನಾನು ಹೇಳಲ್ಲ. ನಮ್ಮ ಮುದ್ದೆಯ ರಾಗಿಯೇ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದ ಧಾನ್ಯ. ಖಾರದ ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರು ತಂದಿದ್ದು. ಎಲ್ಲೆಲ್ಲಿಂದಲೋ ಬಂದಿದ್ದನ್ನು ನಮ್ಮ ಅವ್ವಂದಿರು ಒಂದು ಒರಳಿಗೆ ಹಾಕಿ ಮಂಡ್ಯದ ಊಟ ಮಾಡಿದರು. ಬೆಣ್ಣೆ ಹಾಕಿದ್ದಕ್ಕೆ ನನ್ನ ತಕರಾರಿಲ್ಲ, ಹೆಸರು ಬಿಟ್ಟಿದ್ದಕ್ಕೆ ಹೊಟ್ಟೆ ಉರಿಯಿತು. ಅದೇ ಕಾರ್ಡಿನಲ್ಲಿ ಇಟಲಿಯವರ ಅನ್ನದ ಅಡುಗೆ ರಿಸೊಟ್ಟೊ ಮಾತ್ರ ರಿಸೊಟ್ಟೊ ಆಗಿಯೇ ಇದೆ. ಅರಮನೆಯಲ್ಲಿ ಕಾಕಾಸುರ ಮಾದಪ್ಪನವರು ನಾಲ್ವಡಿಯವರ ಕಾಲದಲ್ಲಿ ಮಾಡಿದ ಮೈಸೂರು ಪಾಕಿಗೆ ಊರಿನ ಹೆಸರೂ ಉಳಿಯಿತು, ಮಾಡಿದವರ ಹೆಸರೂ ಉಳಿಯಿತು. ಗದ್ದೆ ಬದುವಿನ ಅಡುಗೆಗೆ ಅದರದೇ ಹೆಸರಾದರೂ ಬೇಡವೇನೋ?

ತಡೆಯಲಾರದೆ, ಅಡುಗೆ ಮಾಡಿದವರನ್ನು ಒಂದು ಗಳಿಗೆ ಕರೆಯಿರಿ ಅಂದೆ. ಇಪ್ಪತ್ತಾರು, ಇಪ್ಪತ್ತೇಳರ ಹುಡುಗ, ಮಳವಳ್ಳಿ ಕಡೆಯವನು. 'ಖಾರ ಮಿಕ್ಸಿಲಿ ಹಾಕಿಲ್ಲ ಸಾರ್, ಅಜ್ಜಿ ಒರಳನ್ನೇ ಊರಿಂದ ತಂದಿಟ್ಕೊಂಡಿದ್ದೀನಿ' ಅಂದ. ಅಡುಗೆಮನೆ ಬಾಗಿಲಿಗೆ ಕರೆದುಕೊಂಡು ಹೋಗಿ ತೋರಿಸಿದ. ಸವೆದು ನುಣುಪಾದ ಕಪ್ಪು ಕಲ್ಲು, ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿದೆ. ಕಾರ್ಡು ಬರೆದವರು ಬೇರೆಯವರಂತೆ. ಉಪ್ಸಾರು ಅಂತಲೇ ಬರೆಸಪ್ಪ, ಯಾರಾದರೂ ಏನು ಅಂತ ಕೇಳಿದರೆ ನೀನೇ ಬಂದು ಹೇಳು ಅಂದೆ. ಅವನಿಗೂ ಅದೇ ಆಸೆ ಇತ್ತು ಅಂತ ಕಾಣುತ್ತೆ, ಜೇಬಿನಿಂದ ಪೆನ್ನು ತೆಗೆದು ಬಿಲ್ಲಿನ ಹಿಂದೆ ಬರೆದುಕೊಡಿ ಸಾರ್ ಅಂದ.

ಬರೆಯೋಕೆ ಹೋಗಿ ನಾನೇ ತಡವರಿಸಿದೆ ಕಣೋ. ನಮ್ಮ ಕಡೆ ಉಪ್ಸಾರು, ನಿಮ್ಮ ನಾಗಮಂಗಲದ ಕಡೆ ಉಪ್ಪೆಸ್ರು ಅಂತಿದ್ದ ಹಾಗೆ ನೆನಪು. ಎರಡನ್ನೂ ಬರೆದುಕೊಟ್ಟು ಬಂದಿದ್ದೀನಿ. ನಿಮ್ಮವ್ವನ್ನ ಒಂದು ಮಾತು ಕೇಳಿ ಬರಿ, ಮುಂದಿನ ಭಾನುವಾರ ಮತ್ತೆ ಹೋಗ್ತೀನಿ.

ನಿನ್ನ ಗೆಳೆಯ