ಬಸ್ ನಿಲ್ದಾಣದಲ್ಲಿ ಎಳೆಯ ಮಕ್ಕಳಿಗೆ ಒಂದು ಲೋಟ ಬಿಸಿನೀರು ಸಿಗಲಿ

ಮಾನ್ಯ ಸಂಪಾದಕರೇ,

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ, ಕೈಗೂಸುಗಳನ್ನು ಎತ್ತಿಕೊಂಡು ತವರಿಗೋ ಮದುವೆ, ಜಾತ್ರೆಗಳಿಗೋ ದೂರ ಪ್ರಯಾಣ ಮಾಡುವ ತಾಯಂದಿರನ್ನು ಸಾರಿಗೆ ಬಸ್ಸುಗಳಲ್ಲಿ ಮೊದಲಿಗಿಂತ ಹೆಚ್ಚಾಗಿ ಕಾಣುತ್ತಿದ್ದೇನೆ. ಆದರೆ ಆ ಮಕ್ಕಳ ಕೈಯಲ್ಲಿ ಕಾಣುವುದು ಬಹುಪಾಲು ಕ್ರೀಮ್ ಬಿಸ್ಕತ್ತು, ಇಲ್ಲವೇ ಉಪ್ಪು ಖಾರದ ಕುರುಕಲು ಪೊಟ್ಟಣ. ಇದಕ್ಕೆ ತಾಯಂದಿರನ್ನು ದೂರಲು ನನಗೆ ಬಾಯಿಲ್ಲ. ನಾನೂ ಅದನ್ನೇ ಮಾಡಿದವಳು.

ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದೂವರೆ ವರ್ಷದ ಮೊಮ್ಮಗಳೊಂದಿಗೆ ಹಾಸನದಿಂದ ಹುಬ್ಬಳ್ಳಿಗೆ ಹೊರಟಾಗ, ಒಂದು ಡಬ್ಬಿಯಲ್ಲಿ ಮೊಸರನ್ನವನ್ನೂ ಇನ್ನೊಂದರಲ್ಲಿ ರಾಗಿ ಸರಿ ಹಿಟ್ಟನ್ನೂ ಇಟ್ಟುಕೊಂಡಿದ್ದೆ. ಮಧ್ಯಾಹ್ನ ಮುಚ್ಚಳ ತೆಗೆಯುವ ಹೊತ್ತಿಗೆ ಮೊಸರನ್ನ ಹುಳಿ ನಾತ ಹೊಡೆಯುತ್ತಿತ್ತು. ಅನ್ನ ಬೆಂದರೂ ಸಾಯದೆ ಉಳಿಯುವ ಕೆಲವು ಸೂಕ್ಷ್ಮಾಣುಗಳು ಸೆಕೆಯಲ್ಲಿ ಬೇಗ ಹೆಚ್ಚುತ್ತವೆ. ಆದ್ದರಿಂದ ಎಳೆಯ ಮಕ್ಕಳಿಗೆಂದು ಮಾಡಿದ ಅನ್ನವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಇಡಬಾರದೆಂಬುದು ನನಗೆ ಗೊತ್ತಿರಬೇಕಿತ್ತು. ಇನ್ನು ಸರಿ ಹಿಟ್ಟನ್ನು ಒಲೆಯ ಮೇಲೆ ಕೈಬಿಡದೆ ಗೊಟಾಯಿಸಿ ಬೇಯಿಸಬೇಕು. ಊಟಕ್ಕೆ ಬಸ್ ನಿಲ್ಲಿಸಿದ ಹೋಟೆಲಿನಲ್ಲಿ ಬೇಯಿಸಿಕೊಡಿ ಎಂದು ಕೇಳುವ ಧೈರ್ಯ ಬರಲಿಲ್ಲ. ಒಂದು ಲೋಟ ಕುದಿಯುವ ನೀರು ಕೇಳಿದ್ದಕ್ಕೆ, ಗಲ್ಲಾದಲ್ಲಿದ್ದವರು ತಲೆ ಎತ್ತದೆ, ಬಾಟಲಿ ನೀರಿದೆ ತೆಗೆದುಕೊಳ್ಳಿ ಎಂದರು. ಮಗು ಅಳುತ್ತಿತ್ತು. ಪಕ್ಕದ ಅಂಗಡಿಯಿಂದ ಬಿಸ್ಕತ್ತು ತಂದುಕೊಟ್ಟೆ.

ಊರಿಗೆ ಮರಳಿ ಯೋಚಿಸಿದಾಗ, ಇದಕ್ಕೆ ಪರಿಹಾರ ನಮ್ಮ ಸೀಮೆಯ ಅಡುಗೆಮನೆಯಲ್ಲೇ ಇರುವುದು ನೆನಪಾಯಿತು. ಅದು ಹುರಿಹಿಟ್ಟು, ನಮ್ಮ ಆಡುಮಾತಿನ ಹುರಿಟ್ಟು. ರಾಗಿಗೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ರಾತ್ರಿಯಿಡೀ ಇಟ್ಟು, ಮಾರನೆಯ ದಿನ ನೆರಳಿನಲ್ಲಿ ಸ್ವಲ್ಪ ಆರಿಸಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಹಿಡಿ ಹಿಡಿಯಾಗಿ ಹಾಕಿ ಹುರಿದರೆ ಕಾಳು ಬಿರಿದು ಬೆಳ್ಳಗೆ ಅರಳುತ್ತದೆ. ಆ ಅರಳನ್ನು ಬೀಸಿ, ಸಣ್ಣ ಜರಡಿಯಲ್ಲಿ ಜರಡಿ ಹಿಡಿದರೆ ಹಿಟ್ಟು ಸಿದ್ಧ. ಅರಳುವಾಗಲೇ ಕಾಳು ಬೆಂದಿರುವುದರಿಂದ ಇದಕ್ಕೆ ಮತ್ತೆ ಒಲೆ ಬೇಡ; ಬಿಸಿನೀರಿಗೋ ಬಿಸಿ ಹಾಲಿಗೋ ಹಾಕಿ ಕದಡಿದರೆ ಸಾಕು. ಸರಿ ಹಿಟ್ಟಿಗೂ ಹುರಿಹಿಟ್ಟಿಗೂ ಇರುವ ಈ ಒಂದು ವ್ಯತ್ಯಾಸವೇ ಪ್ರಯಾಣದಲ್ಲಿ ಎಲ್ಲಕ್ಕಿಂತ ದೊಡ್ಡದು. ನಾನು ಇದಕ್ಕೆ ಕಾಲು ಭಾಗದಷ್ಟು ಹುರಿಗಡಲೆ ಪುಡಿಯನ್ನೂ, ಬೀಜ ತೆಗೆದು ಒಣಗಿಸಿ ಪುಡಿ ಮಾಡಿದ ಉತ್ತುತ್ತಿಯನ್ನೂ ಬೆರೆಸುತ್ತೇನೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ ಮತ್ತು ಉಪ್ಪು ಹೆಚ್ಚಿರುವ ತಿನಿಸು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ತನ್ನ ಮಾರ್ಗಸೂಚಿಯಲ್ಲಿ ಹೇಳಿರುವುದರಿಂದ ಬೆಲ್ಲವನ್ನೂ ಬಿಟ್ಟಿದ್ದೇನೆ. (ಬೆಲ್ಲವಿಲ್ಲದ ಹುರಿಟ್ಟು ಹುರಿಟ್ಟೇ ಅಲ್ಲವೆಂದು ನಮ್ಮ ಅತ್ತೆಯವರು ಇಂದಿಗೂ ಒಪ್ಪಿಲ್ಲ.) ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆಂಬುದನ್ನು ನೆನೆದರೆ, ಬಿಸ್ಕತ್ತಿನ ಜೊತೆ ಇದನ್ನು ಹೋಲಿಸಬೇಕಾದ ಅಗತ್ಯವೇ ಬೀಳದು.

ಇದರ ಜೊತೆಗೆ ನಾನು ಕೊಂಡೊಯ್ಯುವುದು ಬಿಸಿನೀರಿನಲ್ಲಿ ಕ್ಷಣದಲ್ಲಿ ಮೆತ್ತಗಾಗುವ ತೆಳು ಅವಲಕ್ಕಿ, ಹೊರಡುವ ಮುನ್ನ ಬೇಯಿಸಿ ಮೊದಲ ಒಂದೆರಡು ಗಂಟೆಯಲ್ಲೇ ಮುಗಿಸುವ ಗೆಣಸಿನ ಹೋಳು ಮತ್ತು ಏಲಕ್ಕಿ ಬಾಳೆಹಣ್ಣು. ಬಾಳೆಗೆ ಸಿಪ್ಪೆಯೇ ಡಬ್ಬಿ, ಅದನ್ನು ತೊಳೆಯುವ ಕೆಲಸವೂ ಇಲ್ಲ. ಆದರೆ ಮನೆಯಲ್ಲಿ ಮಾಡಿದ್ದೆಲ್ಲವೂ ಮಕ್ಕಳಿಗೆ ಸಲ್ಲುತ್ತದೆಂದು ತಿಳಿಯಬಾರದು. ಕಡಲೆಕಾಯಿ ಬೀಜ ಹಾಕಿದ ನಿಪ್ಪಟ್ಟು, ಗಟ್ಟಿ ಚಕ್ಕುಲಿ, ಇಡೀ ದ್ರಾಕ್ಷಿ ಇವೆಲ್ಲ ಕುಲುಕಾಡುವ ಬಸ್ಸಿನಲ್ಲಿ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಎರಡು ಬೆರಳ ನಡುವೆ ಒತ್ತಿದರೆ ನುರಿಯುವಷ್ಟು ಮೆತ್ತಗಿರುವುದನ್ನೇ, ಬಸ್ ನಿಂತಿರುವಾಗ, ಮಗುವನ್ನು ನೆಟ್ಟಗೆ ಕೂರಿಸಿಕೊಂಡು ತಿನ್ನಿಸುವುದು ಒಳ್ಳೆಯದು.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡರೂ ಕೊನೆಗೆ ಬೇಕಾಗುವುದು ಬಿಸಿನೀರು. ಥರ್ಮಾಸಿನ ನೀರು ಏಳೆಂಟು ಗಂಟೆಯ ದಾರಿಯಲ್ಲಿ ಎರಡು ಹೊತ್ತಿಗೆ ಸಾಲುವುದಿಲ್ಲ, ಅದೇ ನೀರಿನಲ್ಲಿ ಬಟ್ಟಲು ಚಮಚವನ್ನೂ ತೊಳೆಯಬೇಕಲ್ಲವೇ? ರೈಲ್ವೆ ಇಲಾಖೆಯು 2016ರಲ್ಲಿ ‘ಜನನಿ ಸೇವಾ’ ಎಂಬ ಹೆಸರಿನಲ್ಲಿ ಕೆಲವು ನಿಲ್ದಾಣಗಳಲ್ಲಿ ಮಕ್ಕಳಿಗಾಗಿ ಬಿಸಿ ಹಾಲು, ಬಿಸಿನೀರು ಒದಗಿಸಲು ಮುಂದಾಗಿತ್ತು. ನಮ್ಮ ಸಾರಿಗೆ ನಿಗಮಗಳು ಹಾಲು ಕೊಡದಿದ್ದರೂ ಚಿಂತೆಯಿಲ್ಲ. ಹಲವು ಬಸ್ ನಿಲ್ದಾಣಗಳಲ್ಲಿ ತಾಯಂದಿರು ಹಾಲೂಡಿಸಲೆಂದು ಕೊಠಡಿಗಳಿವೆ. ಅವುಗಳ ಬಾಗಿಲಿಗೆ ಬೀಗ ಹಾಕದೆ, ಒಳಗೊಂದು ಬಿಸಿನೀರಿನ ನಲ್ಲಿಯನ್ನೂ ಕೈತೊಟ್ಟಿಯನ್ನೂ ಇಡಲಿ. ಊಟಕ್ಕೆ ಬಸ್ ನಿಲ್ಲಿಸುವ ಹೋಟೆಲುಗಳ ಜೊತೆ ಒಪ್ಪಂದ ಮಾಡಿಕೊಳ್ಳುವಾಗ, ಕೇಳಿದ ತಾಯಂದಿರಿಗೆ ಕುದಿಸಿದ ನೀರನ್ನು ಹಣ ಪಡೆಯದೆ ಕೊಡಬೇಕೆಂಬ ಒಂದು ಸಾಲನ್ನೂ ಸೇರಿಸಲಿ. ಬೆಳಗಿನಿಂದ ರಾತ್ರಿಯವರೆಗೆ ಕಾಫಿಗೆಂದು ಹಂಡೆ ಕುದಿಯುತ್ತಿರುವ ಹೋಟೆಲಿಗೆ ಇದು ಹೊರೆಯಾಗಲಾರದು.

ಒಬ್ಬ ನಿವೃತ್ತ ಶಿಕ್ಷಕಿ,
ಹಾಸನ