ಶಾಲಾ ಗ್ರಂಥಪಾಲಕರನ್ನೂ ತರಬೇತಿಗೆ ಕರೆಯಿರಿ

ಮಾನ್ಯ ಸಂಪಾದಕರೇ,

ಶೈಕ್ಷಣಿಕ ವರ್ಷ ಶುರುವಾದರೆ ಸಾಕು, ನಮ್ಮ ಶಾಲೆಗೆ ತರಬೇತಿಯ ಪತ್ರಗಳು ಬರತೊಡಗುತ್ತವೆ. ಗಣಿತದವರಿಗೆ ಒಂದು, ವಿಜ್ಞಾನದವರಿಗೆ ಒಂದು, ಇಂಗ್ಲಿಷ್‌ನವರಿಗೆ ಇನ್ನೊಂದು. ಗ್ರಂಥಪಾಲಕರು ಬರಬೇಕು ಎಂದು ಬರೆದ ಪತ್ರ ನಾನು ಸೇವೆಗೆ ಸೇರಿದಾಗಿನಿಂದ ಒಂದೂ ಬಂದಿಲ್ಲ. ನಾನು ಇಂಡಿ ತಾಲ್ಲೂಕಿನ ಒಂದು ಅನುದಾನಿತ ಸಂಸ್ಥೆಯಲ್ಲಿ ಪ್ರೌಢಶಾಲೆ ಮತ್ತು ಪಿಯು ಎರಡಕ್ಕೂ ಸೇರಿದ ಗ್ರಂಥಾಲಯ ನೋಡಿಕೊಳ್ಳುವವಳು. ಕಳೆದ ವರ್ಷ ವಿಜಯಪುರದಲ್ಲಿ ಗ್ರಂಥಾಲಯ ತಂತ್ರಾಂಶದ ತರಬೇತಿ ಇದೆ ಎಂದು ಗೆಳತಿಯೊಬ್ಬಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಳು. ಕರ್ತವ್ಯದ ಮೇಲೆ ಹೋಗಲು ಅನುಮತಿ, ಅಂದರೆ ಓಓಡಿ ಕೇಳಿದೆ. ಅದು ಶಿಕ್ಷಕರಿಗೆ ಮಾತ್ರ ಎಂದರು. ಸಿಎಲ್ ಹಾಕಿ, ಕೈಯಿಂದ ಬಸ್ ಚಾರ್ಜ್ ಕೊಟ್ಟು ಹೋಗಿ ಕಲಿತು ಬಂದೆ. ಕಲಿತದ್ದರಿಂದ ನಮ್ಮ ಮಕ್ಕಳಿಗೆ ಏನಾಯಿತು, ಕಲಿಸುವಲ್ಲಿ ಏನು ಬಿಟ್ಟುಹೋಯಿತು ಎಂಬುದನ್ನು ಹೇಳಲೇಬೇಕು ಎನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಅಲ್ಲಿ ಹೇಳಿಕೊಟ್ಟದ್ದು ಕೋಹಾ. ನ್ಯೂಜಿಲೆಂಡ್‌ನ ಹೊರೊವೆನುವಾ ಪ್ರದೇಶದ ಗ್ರಂಥಾಲಯಗಳಿಗಾಗಿ 1999ರಲ್ಲಿ ಬರೆದ ತಂತ್ರಾಂಶ ಇದು. 2000ದ ಜನವರಿಯಲ್ಲಿ ಬಳಕೆಗೆ ಬಂತು. ಮುಕ್ತ ತಂತ್ರಾಂಶವಾದ್ದರಿಂದ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ, ವರ್ಷವರ್ಷವೂ ಲೈಸೆನ್ಸ್ ನವೀಕರಿಸುವ ಚಿಂತೆಯಿಲ್ಲ. ಲ್ಯಾಬಿನ ಒಂದು ಕಂಪ್ಯೂಟರ್‌ಗೆ ಹಾಕಿದರೆ ಉಳಿದವುಗಳಲ್ಲಿ ಬ್ರೌಸರ್ ತೆರೆದು ಮಕ್ಕಳೇ ಪುಸ್ತಕ ಹುಡುಕಬಹುದು. ಹೊರಗಿನ ಇಂಟರ್ನೆಟ್ ಕೈಕೊಟ್ಟ ದಿನವೂ ಶಾಲೆಯೊಳಗೆ ಕೆಲಸ ನಡೆಯುತ್ತದೆ. ನಮ್ಮಂಥ ಊರಿಗೆ ಇದು ದೊಡ್ಡ ಅನುಕೂಲ. ಕಲಿಸಿದವರೂ ಬೇಸರವಿಲ್ಲದೆ, ಕೇಳಿದ್ದನ್ನೇ ಮತ್ತೆ ಕೇಳಿದರೂ ಹೇಳಿದರು. ಅವರಿಗೆ ನಾನು ಋಣಿ.

ಆದರೆ ಅಭ್ಯಾಸಕ್ಕೆ ಕೊಟ್ಟ ಪುಸ್ತಕಗಳೆಲ್ಲ ಇಂಗ್ಲಿಷ್‌ನವು. ಪುಸ್ತಕದ ಹಿಂಬದಿಯ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್ ಒತ್ತಿದರೆ ಝಡ್ 39.50 ಎಂಬ ವ್ಯವಸ್ಥೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಪುಸ್ತಕದ ವಿವರವನ್ನೆಲ್ಲ ತಂದು ತುಂಬುತ್ತದೆ. ಹೆಸರು, ಲೇಖಕ, ಪುಟ, ವರ್ಗೀಕರಣದ ಸಂಖ್ಯೆ, ಎಲ್ಲವೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ನಮ್ಮ ಶಾಲೆಯ ಕಪಾಟಿನಲ್ಲಿ ಇರುವುದು ಬೇರೆ. ಧಾರವಾಡ, ಗದಗ, ಮೈಸೂರಿನಲ್ಲಿ ಎಂದೋ ಅಚ್ಚಾದ ಪುಸ್ತಕಗಳು. ಐಎಸ್‌ಬಿಎನ್ ಇಲ್ಲವೇ ಇಲ್ಲ. ಅದೃಷ್ಟಕ್ಕೆ ಅಮೆರಿಕದ ಪಟ್ಟಿಯಲ್ಲಿ ಸಿಕ್ಕರೂ ಕನ್ನಡದ ಹೆಸರು ರೋಮನ್ ಅಕ್ಷರದಲ್ಲಿ, ಮೇಲೆ ಗೆರೆ ಕೆಳಗೆ ಚುಕ್ಕೆ ಹೊತ್ತು ಬರುತ್ತದೆ. ವಿದ್ವಾಂಸರಿಗೆ ಅದು ಸರಿ. ಎಂಟನೇ ತರಗತಿಯ ಹುಡುಗಿ ಕನ್ನಡದಲ್ಲಿ ಟೈಪ್ ಮಾಡಿದರೆ ಮಾತ್ರ ಆ ಪುಸ್ತಕ ಇಲ್ಲ ಎಂದೇ ತೋರಿಸುತ್ತದೆ. ಹಾಗಾಗಿ 245ನೇ ಟ್ಯಾಗ್, ಅಂದರೆ ಶೀರ್ಷಿಕೆಯ ಜಾಗ, ಅದನ್ನು ನಾವೇ ಕನ್ನಡದಲ್ಲಿ ಮತ್ತೆ ತುಂಬಬೇಕು. ಇದನ್ನು ತರಬೇತಿಯಲ್ಲಿ ಯಾರೂ ಹೇಳಲಿಲ್ಲ.

ಇನ್ನೊಂದು ತೊಡಕು ನುಡಿ ಫಾಂಟಿನದು. ನನಗಿಂತ ಮುಂಚೆ ಇದ್ದ ಹಿರಿಯರು ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಆಕ್ಸೆಶನ್ ರಿಜಿಸ್ಟರನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿಸಿಟ್ಟಿದ್ದರು. ಪುಣ್ಯದ ಕೆಲಸ. ಅದನ್ನು ಹಾಗೆಯೇ ಕೋಹಾಕ್ಕೆ ಏರಿಸಿದರೆ ತೆರೆಯ ಮೇಲೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹಳೆಯ ನುಡಿ ಫಾಂಟ್ ಒಳಗೆ ಇಂಗ್ಲಿಷಿನ ಸಂಕೇತಗಳನ್ನೇ ಇಟ್ಟುಕೊಂಡು ಹೊರಗೆ ಕನ್ನಡದ ಆಕಾರ ತೋರಿಸುತ್ತದೆ. ವೆಬ್‌ಗೆ ಬೇಕಾದದ್ದು ಯೂನಿಕೋಡ್, ಅಂದರೆ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತವಿರುವ ವ್ಯವಸ್ಥೆ. ಪರಿವರ್ತಕವೇನೋ ಇದೆ, ಪುಕ್ಕಟೆ ಸಿಗುತ್ತದೆ. ಆದರೆ ಅರ್ಕಾವತ್ತು, ಒತ್ತಕ್ಷರ ಬಂದ ಕಡೆ ಕೆಲವು ಹೆಸರು ಕೆಡುತ್ತವೆ. ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ನೋಡಿ ತಿದ್ದಬೇಕು. ಪತ್ರಿಕಾ ಕಚೇರಿಯಲ್ಲಿ ಪುಟ ಕಟ್ಟುವವರಿಗೆ ಈ ಪಾಡು ನಾನು ಹೇಳಬೇಕಾಗಿಲ್ಲ.

ಯೂನಿಕೋಡ್‌ಗೆ ಏಕಿಷ್ಟು ಒದ್ದಾಟ ಎಂದು ನಮ್ಮ ಸಹೋದ್ಯೋಗಿಗಳೇ ಕೇಳಿದ್ದುಂಟು. ಅವರಿಗೆ ನಾನು ವಚನ ಸಂಚಯ ಜಾಲತಾಣ ತೆರೆದು ತೋರಿಸಿದೆ. ಅಲ್ಲಿ ವಚನಗಳು ಯೂನಿಕೋಡ್‌ನಲ್ಲಿರುವುದರಿಂದ ಒಂದು ಪದ ಕೊಟ್ಟರೆ ಆ ಪದ ಬರುವ ವಚನಗಳೆಲ್ಲ ವಚನಕಾರರ ಹೆಸರಿನೊಂದಿಗೆ ಸಾಲಾಗಿ ಬರುತ್ತವೆ. ಫ.ಗು. ಹಳಕಟ್ಟಿಯವರು ವಕೀಲಿ ಮಾಡುತ್ತ ಮನೆ ಮನೆಯ ತಾಡೋಲೆ ಹುಡುಕಿದ್ದು ಇದೇ ವಿಜಯಪುರದಲ್ಲಿ ನಿಂತು; 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಡಿಸಿದ್ದು ಇಲ್ಲಿಂದಲೇ. ವಚನ ಉಳಿಸಲು ಮನೆ ಮಾರಿದ ಆ ಹಿರಿಯರ ಜಿಲ್ಲೆಯ ಶಾಲೆಯಲ್ಲಿ, ಇರುವ ಪುಸ್ತಕವೇ ಮಕ್ಕಳಿಗೆ ಸಿಗದೆ ಹೋಗುವುದು ನನಗೆ ಸಹಿಸಲಾಗದ ಮಾತು.

ಎಲ್ಲಕ್ಕಿಂತ ಹೆಚ್ಚು ಕೆಲಸ ಹಿಡಿದದ್ದು ಲೇಖಕರ ಹೆಸರು. ನಮ್ಮ ತಾಲ್ಲೂಕಿನ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ನಾಟಕಕಾರರನ್ನೇ ನೋಡಿ. ಒಂದು ಪುಸ್ತಕದ ಮೇಲೆ ಶ್ರೀರಂಗ, ಇನ್ನೊಂದರ ಮೇಲೆ ಆದ್ಯ ರಂಗಾಚಾರ್ಯ, ಹಳೆಯ ದಾಖಲೆಯಲ್ಲಿ ಆರ್.ವಿ. ಜಾಗೀರದಾರ. ಮೂವರೂ ಒಬ್ಬರೇ ಎಂದು ಕಂಪ್ಯೂಟರ್‌ಗೆ ಯಾರಾದರೂ ಹೇಳಬೇಕು. ಹಲಸಂಗಿಯ ಕವಿ ಮಧುರಚೆನ್ನರದೂ ಇದೇ ಕತೆ; ದಾಖಲೆಯಲ್ಲಿ ಅವರು ಚೆನ್ನಮಲ್ಲಪ್ಪ ಗಲಗಲಿ. ಊರಿನ ಹೆಸರೂ ಅಷ್ಟೇ: 2014ರ ನವೆಂಬರ್ 1ಕ್ಕಿಂತ ಮುಂಚಿನ ಪುಸ್ತಕಗಳಲ್ಲಿ ಬಿಜಾಪುರ, ಆಮೇಲಿನವುಗಳಲ್ಲಿ ವಿಜಯಪುರ. ಕೋಹಾದಲ್ಲಿ ಇದಕ್ಕೆ ಅಥಾರಿಟಿ ರೆಕಾರ್ಡ್ ಎಂಬ ಸೌಲಭ್ಯವಿದೆ. ಒಂದು ಹೆಸರನ್ನು ಮುಖ್ಯವೆಂದು ಇಟ್ಟು, ಉಳಿದವನ್ನು ಅದರ ಕೆಳಗೆ ಬರೆದು, ಹುಡುಕುವಾಗ ಅವನ್ನೂ ನೋಡು ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಯಾವ ಹೆಸರು ಕೊಟ್ಟರೂ ಎಲ್ಲ ಪುಸ್ತಕ ಬರುತ್ತವೆ. ಇದನ್ನು ಕಲಿಸಿಕೊಟ್ಟದ್ದು ಬೆಳಗಾವಿಯ ಕಾಲೇಜೊಂದರ ಗ್ರಂಥಪಾಲಕರು, ರಾತ್ರಿ ಊಟವಾದ ಮೇಲೆ ಫೋನಿನಲ್ಲಿ. ಅದಾದ ಮೇಲೆ ಅಗರಖೇಡದಿಂದ ಬರುವ ಒಂಬತ್ತನೇ ತರಗತಿಯ ಹುಡುಗ ಶ್ರೀರಂಗ ಎಂದು ಟೈಪ್ ಮಾಡಿ, ಬಂದ ಪಟ್ಟಿಯನ್ನು ಬೆರಳಿಟ್ಟು ಓದಿ, ‘ಟೀಚರ್ ರೀ, ಇವ್ರು ನಮ್ಮೂರವ್ರಂತ್ರಿ! ಇಷ್ಟೆಲ್ಲಾ ಬರದಾರೇನ್ರಿ?’ ಎಂದ. ಎರಡು ನಾಟಕ ಒಯ್ದ.

ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಲ್ಲಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಪತ್ರಿಕೆ, ನಿಯತಕಾಲಿಕ, ಕತೆ ಪುಸ್ತಕ ಇರಬೇಕು ಎಂದಿದೆ. ನೋಡಿಕೊಳ್ಳುವವರು ಯಾರು ಎಂಬ ಮಾತು ಅಲ್ಲಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಪುಸ್ತಕ ಬರುತ್ತವೆ, ಕಪಾಟಿನ ಕೀಲಿಕೈ ಯಾವುದೋ ವಿಷಯದ ಶಿಕ್ಷಕರ ಹತ್ತಿರ ಇರುತ್ತದೆ. ತರಬೇತಿಗೆ ಅವರನ್ನೂ ಕರೆಯಬೇಕು. ಅವರಿಗೆ ನನ್ನಷ್ಟು ಹೊತ್ತೂ ಸಿಗುವುದಿಲ್ಲ.

ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಮುಂದಿನ ವರ್ಷದ ತರಬೇತಿ ವೇಳಾಪಟ್ಟಿಯಲ್ಲಿ ಗ್ರಂಥಪಾಲಕರನ್ನೂ ಗ್ರಂಥಾಲಯದ ಹೊಣೆ ಹೊತ್ತ ಶಿಕ್ಷಕರನ್ನೂ ಸೇರಿಸಿ, ಓಓಡಿ ಕೊಡಿ. ಬರುವಾಗ ತಮ್ಮ ಶಾಲೆಯ ರಿಜಿಸ್ಟರ್ ಮತ್ತು ಒಂದು ಚೀಲ ಕನ್ನಡ ಪುಸ್ತಕ ತರಬೇಕು ಎಂದು ಪತ್ರದಲ್ಲೇ ಬರೆಯಿರಿ. ಅವನ್ನೇ ಇಟ್ಟುಕೊಂಡು ಕಲಿಸಲಿ. ತರಬೇತಿ ಮುಗಿದ ಮೇಲೆ ತಿಂಗಳಿಗೊಮ್ಮೆ ತಾಲ್ಲೂಕಿನವರೆಲ್ಲ ಒಂದು ಶಾಲೆಯಲ್ಲಿ ಕೂಡುವಂತಾಗಲಿ, ಏಕೆಂದರೆ ನಿಜವಾದ ಸಂಶಯ ಹುಟ್ಟುವುದು ಊರಿಗೆ ಬಂದ ಮೇಲೆ. ಕನ್ನಡ ಲೇಖಕರ ಕಾವ್ಯನಾಮ, ನಿಜನಾಮಗಳ ಅಥಾರಿಟಿ ಪಟ್ಟಿಯನ್ನು ಜಿಲ್ಲೆಗೆ ಒಂದರಂತೆ ಮಾಡಿ ಎಲ್ಲ ಶಾಲೆಗೂ ಹಂಚಿದರೆ ಒಂದೇ ಕೆಲಸವನ್ನು ಶಾಲೆಗೊಬ್ಬರು ಮಾಡುವುದು ತಪ್ಪುತ್ತದೆ. ವಿಜಯಪುರದಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿ ಗ್ರಂಥಾಲಯ ವಿಜ್ಞಾನ ಓದುವ ಹೆಣ್ಣುಮಕ್ಕಳನ್ನು ಕೆಲವು ವಾರ ಶಾಲೆಗಳಿಗೆ ಕಳಿಸಿದರೆ ಅವರಿಗೆ ಕೈಕೆಲಸ ಸಿಗುತ್ತದೆ, ನಮಗೆ ಕೈಗಳು ಸಿಗುತ್ತವೆ. ನಮ್ಮ ಶಾಲೆಯಲ್ಲಿ ಅವರಿಗೆ ಕಂಪ್ಯೂಟರ್, ಕೂಡಲು ಜಾಗ, ಮಧ್ಯಾಹ್ನದ ರೊಟ್ಟಿ ಎಲ್ಲದರ ವ್ಯವಸ್ಥೆ ನಾನು ಮಾಡುತ್ತೇನೆ.

– ಗ್ರಂಥಪಾಲಕಿ,
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ