ಇಟೆನ್‌ಗೆ ಹೊರಟ ಮಗಳಿಗೆ

ಚಿ. ಮಗಳಿಗೆ, ಅಮ್ಮನ ಆಶೀರ್ವಾದಗಳು.

ಕೀನ್ಯಾದ ಇಟೆನ್‌ನಲ್ಲಿ ಓಟಗಾರರಿಗೆ ಫಿಸಿಯೋಥೆರಪಿ ಮಾಡುವ ಕೆಲಸವನ್ನು ನೀನು ಒಪ್ಪಿಕೊಂಡ ರಾತ್ರಿ ನಮ್ಮಿಬ್ಬರ ನಡುವೆ ನಡೆದ ಮಾತನ್ನು ಮತ್ತೆ ಎತ್ತುವುದಿಲ್ಲ. ಅದು ಇಬ್ಬರಿಗೂ ನೆನಪಿದೆ. ಆದರೆ ನಾನು ಬೇಡವೆಂದದ್ದು ಊರು ದೂರವೆಂದಲ್ಲ, ಅಲ್ಲಿಯ ಓಟಗಾರ್ತಿ ಆಗ್ನೆಸ್ ಟಿರೊಪ್‌ಳನ್ನು ನೆನೆದು ಎಂಬುದನ್ನು ಹೇಳದೆ ನಿನ್ನನ್ನು ಕಳುಹಿಸಲಾರೆ.

2021ರ ಸೆಪ್ಟೆಂಬರ್‌ನಲ್ಲಿ ಆಕೆ ಜರ್ಮನಿಯಲ್ಲಿ, ಮಹಿಳೆಯರಷ್ಟೇ ಓಡುವ 10 ಕಿಲೋಮೀಟರ್ ರಸ್ತೆ ಓಟವನ್ನು 30 ನಿಮಿಷ 1 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದಳು. ಮರುತಿಂಗಳೇ ಇಟೆನ್‌ನ ತನ್ನ ಮನೆಯಲ್ಲಿ ಇರಿತಕ್ಕೆ ಬಲಿಯಾದಳು. ಆಗ ಅವಳಿಗೆ ಇನ್ನೂ 25 ವರ್ಷ. ಆರೋಪ ಬಂದದ್ದು ಗಂಡನ ಮೇಲೆ. ಮೂರು ವರ್ಷ ತುಂಬುವ ಮೊದಲೇ, ಪ್ಯಾರಿಸ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ ಬಂದಿದ್ದ ಉಗಾಂಡದ ರೆಬೆಕಾ ಚೆಪ್ಟೆಗಿ, ಮಾಜಿ ಸಂಗಾತಿ ಪೆಟ್ರೋಲ್ ಸುರಿದು ಹಚ್ಚಿದ ಬೆಂಕಿಯಿಂದ ಕೀನ್ಯಾದ ಎಲ್ಡೊರೆಟ್‌ನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಜಗತ್ತನ್ನು ಹಿಂದೆ ಹಾಕಿ ಓಡಬಲ್ಲ ಹೆಣ್ಣುಮಗಳು ಮನೆಯೊಳಗಿನ ಕೈಯಿಂದ ತಪ್ಪಿಸಿಕೊಳ್ಳಲಾಗಲಿಲ್ಲವೆಂಬುದು ನನ್ನ ತಲೆಯಿಂದ ಹೋಗುವುದೇ ಇಲ್ಲ. ಅಡುಗೆ ಮಾಡುವಾಗಲೂ ಅದೇ, ಪಾಠ ಮಾಡುವಾಗಲೂ ಅದೇ. ಅವಳೂ ಒಬ್ಬ ತಾಯಿಯ ಮಗಳು.

ಹಾಗೆಂದು ಆ ನೆಲದ ಹಿರಿಮೆ ನನಗೆ ಕಾಣದೆ ಇಲ್ಲ. ನ್ಯೂಯಾರ್ಕ್ ಮ್ಯಾರಥಾನನ್ನು 1994ರಲ್ಲಿ ಗೆದ್ದ ಮೊದಲ ಆಫ್ರಿಕನ್ ಮಹಿಳೆ ಟೆಗ್ಲಾ ಲೊರೂಪೆ, ದನಗಳಿಗಾಗಿ ಬಂದೂಕು ಹಿಡಿದು ಹೊಡೆದಾಡುತ್ತಿದ್ದ ಪೊಕೊಟ್, ತುರ್ಕಾನಾ, ಕರಮೋಜೊಂಗ್ ಬುಡಕಟ್ಟುಗಳ ಯುವಕರನ್ನು ಶಾಂತಿ ಓಟಗಳಲ್ಲಿ ಒಟ್ಟಿಗೆ ಓಡಿಸಿದರು. 2016ರ ರಿಯೊ ಒಲಿಂಪಿಕ್ಸ್‌ಗೆ ನಿರಾಶ್ರಿತರ ತಂಡವನ್ನು ಮುನ್ನಡೆಸಿದರು. ಆಗ್ನೆಸ್‌ಳ ಸಾವಿನ ನಂತರ ಅವಳ ಮನೆಯವರೂ ಜೊತೆಯ ಓಟಗಾರರೂ ಸೇರಿ ದೌರ್ಜನ್ಯಕ್ಕೆ ಸಿಕ್ಕಿದ ಹೆಣ್ಣುಮಕ್ಕಳಿಗೆ ನೆರವಾಗುವ 'ಟಿರೊಪ್ಸ್ ಏಂಜೆಲ್ಸ್' ಸಂಸ್ಥೆಯನ್ನು ಕಟ್ಟಿದರು. ಅವರಲ್ಲೊಬ್ಬಳಾದ ವಯೊಲಾ ಚೆಪ್ಟೂ, ಗೆಳತಿಯನ್ನು ಕಳೆದುಕೊಂಡ ಕೆಲವೇ ವಾರಗಳಲ್ಲಿ ತನ್ನ ಮೊದಲ ಮ್ಯಾರಥಾನನ್ನು ನ್ಯೂಯಾರ್ಕ್‌ನಲ್ಲಿ ಓಡಿ ಎರಡನೆಯವಳಾಗಿ ಬಂದಳು. ಇಂಥವರ ನಡುವೆ ನನ್ನ ಮಗಳು ದುಡಿಯುತ್ತಾಳೆಂದರೆ ನನಗೆ ಹೆಮ್ಮೆ. ಆ ರಾತ್ರಿ ಅದನ್ನು ಹೇಳಲು ಬಾಯಿ ಬರಲಿಲ್ಲ, ಬೇಸರಿಸಬೇಡ.

ಬುದ್ಧಿ ಹೇಳುವುದಿಲ್ಲವೆಂದುಕೊಂಡೇ ಬರೆಯಲು ಕುಳಿತೆ, ಆದರೂ ಕೇಳು. ಕಾಲುನೋವೆಂದು ಬಂದ ಹುಡುಗಿಯ ತೋಳಿನಲ್ಲಿ ಓಟದಿಂದ ಆಗಲಾರದ ಬಾಸುಂಡೆ ಕಂಡರೆ, ಕೋಚ್ ಅಥವಾ ಗಂಡ ಕೋಣೆಯಲ್ಲಿರುವಾಗ ಪ್ರಶ್ನಿಸಬೇಡ. ಎಷ್ಟೋ ಬಾರಿ ಇಬ್ಬರೂ ಒಬ್ಬನೇ ಆಗಿರುತ್ತಾನೆ. ಅವಳು ಒಬ್ಬಳೇ ಇರುವಾಗ ಕೇಳು, ಅವಸರಪಡಿಸಬೇಡ. ಬಹುಮಾನದ ಹಣ ಯಾರ ಖಾತೆಗೆ ಹೋಗುತ್ತದೆ, ಆ ಹಣದಲ್ಲಿ ಕೊಂಡ ಜಮೀನು ಯಾರ ಹೆಸರಿನಲ್ಲಿದೆ ಎಂಬುದರಿಂದಲೇ ಅಲ್ಲಿ ಎಷ್ಟೋ ಜಗಳಗಳು ಹುಟ್ಟುತ್ತವೆ. ನಿನ್ನ ಸಂಬಳವೂ ನಿನ್ನ ಹೆಸರಿನ ಖಾತೆಗೇ ಹೋಗಲಿ, ಮದುವೆಯಾದ ಮೇಲೂ.

ಟಿರೊಪ್ಸ್ ಏಂಜೆಲ್ಸ್‌ನವರನ್ನು ಕಂಡಾಗ ಒಂದು ವಿಷಯ ವಿಚಾರಿಸಿ ಬರೆ: ಹೆದರಿಕೊಂಡು ಬಂದ ಹುಡುಗಿಗೆ ಅವರು ಮೊದಲು ಏನು ಹೇಳುತ್ತಾರೆ, ಆ ರಾತ್ರಿ ಅವಳನ್ನು ಎಲ್ಲಿ ಇರಿಸುತ್ತಾರೆ? ನಮ್ಮ ಶಾಲೆಯ ಹುಡುಗಿಯರಿಗಾಗಿ ನನಗೂ ಅದು ತಿಳಿದಿರಬೇಕು.

ನಿನ್ನ ಅಮ್ಮ